ಟ್ರಾಮ್ ಹಾಡಿಗೆ ಧಾರವಾಡದ ತಾಳ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಪ್ರತಿಭಾ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳೇನಲ್ಲ. ಆದರೆ ಆ ಗದ್ದಲ ಕೇಳಿದ್ದರೆ ಎಂಥ ಸಾಧುವಿಗೂ ತಲೆ ಕೆಡುತ್ತಿತ್ತು. ಅಮೆರಿಕದ ಈ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ನಮ್ಮ ಟೌನ್‌ಹೌಸುಗಳು ಗೋಡೆಗೆ ಗೋಡೆ ಅಂಟಿಕೊಂಡು ನಿಂತಿವೆ. ನಾನು ಟ್ರಾಫಿಕ್ ಸಿಗ್ನಲ್ ಇಂಜಿನಿಯರ್. ಕೋವಿಡ್ ಮುಗಿಯುತ್ತ ಬಂದರೂ ಮನೆಯಿಂದಲೇ ಕೆಲಸ. ನಾನು ಮೀಟಿಂಗಿಗೆ ಕೂರುವುದೇ ತಡ, ಪಕ್ಕದ ಮನೆಯ ಗ್ಯಾರೇಜಿನಲ್ಲಿ ರೆಕಾರ್ಡು ತಿರುಗಲು ಶುರು. ಸ್ಯಾಕ್ಸೊಫೋನು, ಡ್ರಮ್ಮು, ಅದರ ಮೇಲೆ ಒಬ್ಬ ಹೆಂಗಸಿನ ಹಾಡು. ಭಾಷೆ ಯಾವುದೆಂದೂ ತಿಳಿಯದು, ಬರೀ ಶ್, ಚ್, ಝ್. ಮೀಟಿಂಗಿನಲ್ಲಿದ್ದವರು ಕಲ್ಮೇಶನ ಮನೆಯಲ್ಲಿ ಪಾರ್ಟಿ ಎಂದು ನಗುತ್ತಿದ್ದರು.

ಮನೆಮಾಲೀಕರ ಸಂಘಕ್ಕೆ ಕಂಪ್ಲೇಂಟ್ ಬರೆಯಲು ಕೂತೆ. ಪ್ರತಿಭಾ ಲ್ಯಾಪ್‌ಟಾಪ್ ಮುಚ್ಚಿದಳು.

“ಸಂಘಕ್ಕ ಯಾಕ ಬರೀತೀರಿ? ಬಾಗಿಲಾ ಬಡದು ಹೇಳಿದ್ರ ಆಗೂದಿಲ್ಲೇನು? ನಾ ಹೋಗಿ ಬರ್ತೀನಿ.”

ಹೋದವಳು ಮಧ್ಯಾಹ್ನ ಪೂರ್ತಿ ಬರಲಿಲ್ಲ. ಹಾಡು ಮಾತ್ರ ನಿಲ್ಲದೆ ಕೇಳುತ್ತಲೇ ಇತ್ತು.

ಪ್ರತಿಭಾ ಹಾಗೆ ಒಂದು ಕಡೆ ಕೂತಳು ಎಂಬುದೇ ನನಗೆ ಆಶ್ಚರ್ಯ. ಅವಳು ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಮಾಡುವವಳು. 2020ರಲ್ಲಿ ಕೋವಿಡ್ ವಾರ್ಡುಗಳಲ್ಲಿ ಮಲಗಿದವರ ಎದೆ, ಕಾಲು ಸ್ಕ್ಯಾನ್ ಮಾಡಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುವ ಕೆಲಸ ಅವಳದಾಗಿತ್ತು. ನೋಡಿದ್ದನ್ನು ಮನೆಯಲ್ಲಿ ಹೇಳಲಿಲ್ಲ. ಕೂರುವುದನ್ನು ಮಾತ್ರ ಬಿಟ್ಟಳು. ನಿಂತೇ ಉಣ್ಣುವುದು, ಹಲ್ಲುಜ್ಜುತ್ತ ಮೆಟ್ಟಿಲು ಹತ್ತಿಳಿಯುವುದು, ಕೆರೆಯ ಸುತ್ತಿನ ದಾರಿಯಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ತಿರುಗುವುದು. ಧಾರವಾಡದಲ್ಲಿ ಸಣ್ಣವಳಿದ್ದಾಗಿನಿಂದ ಹಿಂದೂಸ್ತಾನಿ ಹಾಡು ಕಲಿತವಳು ಅವಳು. ಮದುವೆಯಾದ ಹೊಸದರಲ್ಲಿ ಅವಳ ಬೆಳಗಿನ ರಿಯಾಜಿಗೆ ನಾನು ಎಚ್ಚರಾಗುತ್ತಿದ್ದೆ. ಈಗ ಎಲೆಕ್ಟ್ರಾನಿಕ್ ತಂಬೂರಿ ಕ್ಲಾಸೆಟ್ಟಿನಲ್ಲಿ ಚಳಿಗಾಲದ ಜಾಕೆಟ್ಟುಗಳ ಹಿಂದೆ ಬಿದ್ದಿತ್ತು. ನಿಧಾನವಾಗಿ ಬೆಳೆಯುವ ವಿಲಂಬಿತ್ ಖ್ಯಾಲಿಗೆ ಸಮಾಧಾನವಾಗಿ ಕೂರಬೇಕು, ಅದು ಅವಳಿಂದ ಆಗುತ್ತಿರಲಿಲ್ಲ. ಅವಳನ್ನು ನೋಡಿ ನನಗೆ ಹೆದರಿಕೆಯಾಗುತ್ತಿತ್ತು. ಹೆದರಿಕೆ ನನ್ನ ಬಾಯಿಂದ ಸಿಟ್ಟಾಗಿಯೇ ಹೊರಗೆ ಬರುವುದು.

“ಸಪ್ಪಳ ಕಡಿಮಿ ಮಾಡಂತ ಹೇಳಿದ್ಯೋ ಇಲ್ಲೋ?” ಎಂದೆ, ಅವಳು ವಾಪಸ್ ಬಂದ ಮೇಲೆ.

“ಅವರಿಗೆ ಕಿವಿ ಕೇಳೂದಿಲ್ರಿ. ಅದಕ್ಕ ಅಷ್ಟು ಜೋರು. ರೆಕಾರ್ಡಿನಾಗ ಹಾಡಾಕತ್ತಿದ್ದು ಯಾರು ಗೊತ್ತೇನು? ಅವರ.”

ಪಕ್ಕದ ಮನೆಯ ಹಲೀನಾ ಆಂಟಿ ಪೋಲೆಂಡಿನ ವೂಜ್ ಎಂಬ ಊರಿನವರು. ಬಟ್ಟೆ ಗಿರಣಿಗಳ ಆ ಊರಿನಲ್ಲಿ ವಯಸ್ಸಿನಲ್ಲಿದ್ದಾಗ ಒಂದು ಸ್ವಿಂಗ್ ಆರ್ಕೆಸ್ಟ್ರಾದ ಜೊತೆ ಹಾಡುತ್ತಿದ್ದರಂತೆ. ಸ್ವಿಂಗ್ ಎಂದರೆ ಜನ ಜೋಡಿಜೋಡಿಯಾಗಿ ಕುಣಿಯುವ ಹಳೇ ಜ್ಯಾಜ್. ಮಾತು ಪೋಲಿಷ್, ನಡೆ ಅಮೆರಿಕದ್ದು. ಅವರ ಹೆಸರಿನಲ್ಲಿ ಒಂದೇ ಒಂದು ರೆಕಾರ್ಡು ಬಂದಿತ್ತು. ಆಮೇಲೆ ಗಂಡನ ಹಿಂದೆ ಈ ದೇಶಕ್ಕೆ ಬಂದು ಬೇರೆಯವರ ಹಲ್ಲು ಸ್ವಚ್ಛ ಮಾಡುತ್ತ ಆಯುಷ್ಯ ಕಳೆದರು. ಗಂಡ ಹೋದ ಮೇಲೆ ಗ್ಯಾರೇಜಿನಲ್ಲಿ ಕಾರಿನ ಜಾಗಕ್ಕೆ ಕಪಾಟುಗಳು ಬಂದವು, ಕಪಾಟು ತುಂಬ ಪೋಲೆಂಡಿನ ಜ್ಯಾಜ್ ರೆಕಾರ್ಡುಗಳು. ನಮ್ಮ ಮಗಳು ನಿಧಿ ಒಮ್ಮೆ ಇಣುಕಿ ನೋಡಿ, “ಅಪ್ಪ, ದಿಸ್ ಈಸ್ ಆಕ್ಚುಲಿ ಕೂಲ್, ನೀನು ಕಂಪ್ಲೇಂಟ್ ಮಾಡಬೇಡ” ಎಂದಳು. ಮನೆಯಲ್ಲಿ ನನ್ನ ಪಕ್ಷಕ್ಕೆ ಯಾರೂ ಉಳಿಯಲಿಲ್ಲ.

ಪ್ರತಿಭಾಗೆ ಹಿಡಿಸಿದ್ದು ಟ್ರಾಮಿನ ಹಾಡು. ಒಬ್ಬ ಹುಡುಗ, ಒಬ್ಬ ಹುಡುಗಿ. ಮೊದಲ ಚರಣದಲ್ಲಿ ಕೊನೆಯ ಟ್ರಾಮ್ ತಪ್ಪುತ್ತದೆ. ಎರಡನೆಯದರಲ್ಲಿ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಅವನ ಜೊತೆ ನಡೆಯುತ್ತಾಳೆ. ಮೂರನೆಯದರಲ್ಲಿ ಬೆಳಗಿನ ಮೊದಲ ಟ್ರಾಮ್ ಬರುತ್ತದೆ, ಅದನ್ನೂ ಹೋಗಲಿ ಬಿಡು ಅನ್ನುತ್ತಾಳೆ. ನಡೆಯುತ್ತಲೇ ಇರುವ ಹಾಡು. ನಡೆಯುತ್ತಲೇ ಹಾಡಬಹುದಾದ ಹಾಡು. ಪೋಲಿಷ್ ಮಾತುಗಳನ್ನು ಅವಳು ಕನ್ನಡ ಲಿಪಿಯಲ್ಲಿ ಬರೆದುಕೊಂಡಳು. ಆ ಹಾಳೆ ಫ್ರಿಜ್ಜಿನ ಮೇಲೆ ಅಂಟಿತು. ಪಾತ್ರೆ ತೊಳೆಯುವಾಗ, ವಾಷರಿಗೆ ಬಟ್ಟೆ ಹಾಕುವಾಗ ಆ ಹಾಡೇ. ಅವಳ ದನಿ ಮನೆಯೊಳಗೆ ಕೇಳಿ ಎಷ್ಟು ಕಾಲವಾಗಿತ್ತೋ. ಭಾಷೆ ಯಾವುದಾದರೇನು, ನನಗೆ ಖುಷಿಯಾಯಿತು.

ಅಷ್ಟರಲ್ಲಿ ಹಲೀನಾ ಆಂಟಿ ಮನೆ ಮಾರಲು ನಿರ್ಧರಿಸಿದರು. ಜೂನ್‌ನಲ್ಲಿ ಮಗಳಿರುವ ಶಾರ್ಲಟ್ ಊರಿಗೆ ಹೋಗುವವರಿದ್ದರು. ಬಲಗಿವಿ ಆಗಲೇ ಹೋಗಿತ್ತು, ಎಡಗಿವಿಯೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವರ ಇಂಗ್ಲಿಷನ್ನು ನಾನು ನನ್ನ ಕನ್ನಡಕ್ಕೆ ಇಳಿಸುತ್ತಿದ್ದೇನೆ: “ರೆಕಾರ್ಡಿನಲ್ಲಿ ಕೇಳಿ ಸಾಕಾಗಿದೆ. ಕಿವಿ ಪೂರ್ತಿ ಮುಚ್ಚುವ ಮೊದಲು ಒಂದು ಸಲ, ಬ್ಯಾಂಡಿನ ಜೊತೆ, ಜನರ ಮುಂದೆ ಆ ಹಾಡನ್ನು ಕೇಳಬೇಕು. ನೀನು ಹಾಡು, ಪ್ರತಿಭಾ.”

ಬಾಲ್ಟಿಮೋರಿನ ಪೋಲಿಷರ ಹಾಲ್ ಒಂದರಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸ್ವಿಂಗ್ ಬ್ಯಾಂಡು ನುಡಿಸುತ್ತಿತ್ತು. ಅದರ ಮುಖಂಡ ತಾದೆಕ್ ರಿಟೈರಾದ ಪ್ಲಂಬರ್. ತನಗಿಂತ ಎತ್ತರದ ಬಾಸ್ ಎಂಬ ತಂತಿವಾದ್ಯವನ್ನು ನಿಂತು ಮೀಟುವವನು. ಪ್ರತಿಭಾಳನ್ನು ಪರೀಕ್ಷೆ ಮಾಡಲು ಅದನ್ನು ವ್ಯಾನಿನಲ್ಲಿ ಹಾಕಿಕೊಂಡು ಗ್ಯಾರೇಜಿಗೆ ಬಂದ. ಅವಳು ಹಾಡಿದಳು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಹಲೀನಾ ಆಂಟಿ ಬಾಯಿ ನೋಡದೆ ಆ ಕೈಯನ್ನೇ ನೋಡುತ್ತಿದ್ದರು. ತಾಳದಲ್ಲಿ ಏನೋ ತಪ್ಪು ಹುಡುಕುತ್ತಿದ್ದಾರೆ ಅಂದುಕೊಂಡೆ.

“ಗಂಟಲು ಬಂಗಾರ,” ಎಂದ ತಾದೆಕ್. “ಕೈ ಮಾತ್ರ ಮೊಳೆ ಹೊಡೆಯುವವರದು.”

ವಿಷಯ ಇಷ್ಟೇ. ನಮ್ಮ ಸಂಗೀತದಲ್ಲಿ ತಾಳದ ಮೊದಲ ಏಟು ಎಂದರೆ ಸಮ್. ಹಾಡುವವರು ಎಲ್ಲೆಲ್ಲೋ ಸುತ್ತಾಡಿ ಅಲ್ಲಿಗೆ ಬಂದು ಮುಟ್ಟಬೇಕು, ಕೇಳುವವರು ತಲೆದೂಗಬೇಕು. ಪ್ರತಿಭಾಳ ಮೈಯಲ್ಲಿ ಅದು ಬೇರೂರಿತ್ತು. ನಾಲ್ಕು ಏಟಿನ ಟ್ರಾಮ್ ಹಾಡಿನಲ್ಲೂ ಒಂದಕ್ಕೆ ಬಂದು ಧಪ್ಪೆಂದು ಕೂರುತ್ತಿದ್ದಳು. ಸ್ವಿಂಗಿನಲ್ಲಿ ಒತ್ತು ಇರುವುದು ಎರಡಕ್ಕೆ, ನಾಲ್ಕಕ್ಕೆ. ಒಂದಕ್ಕೆ ಕೂತರೆ ಕುಣಿಯುವವರ ಕಾಲು ನೆಲಕ್ಕೆ ಅಂಟುತ್ತದಂತೆ.

ನನ್ನ ಹೆಂಡತಿಗೆ ತಾಳ ಬರುವುದಿಲ್ಲ ಎಂದರೆ ನಾನು ಸುಮ್ಮನಿರಲೇ? ಧಾರವಾಡದಲ್ಲಿ ಅವಳ ತಾಳಕ್ಕೆ ಎಂತೆಂಥವರು ತಲೆದೂಗಿದ್ದಾರೆ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ತಾದೆಕ್ ಶಾಂತವಾಗಿ ಬಾಸಿಗೆ ಗವಸು ಹಾಕಿದ. ಸರಿಹೋಗದಿದ್ದರೆ ಹಾಡು ಬೇಡ, ಬ್ಯಾಂಡು ಬರೀ ವಾದ್ಯದಲ್ಲಿ ನುಡಿಸುತ್ತದೆ ಎಂದು ಹೇಳಿ ಹೋದ. ಹಲೀನಾ ಆಂಟಿಗೆ ಏನೂ ಕೇಳಿಸಿರಲಿಲ್ಲ, ಆದರೂ ಮುಖ ಸಣ್ಣಗಾಯಿತು.

ಆ ವಾರ ಪ್ರತಿಭಾ ಕೆರೆಯ ದಾರಿ ಸವೆಸಿಬಿಟ್ಟಳು. ಒಂದು ದಿನ ಬೂಟು ಹಾಕಿಕೊಂಡೇ ಅಡುಗೆಮನೆಗೆ ಬಂದಳು.

“ರೀ, ರೂಪಕ ತಾಳ ನೆನಪೈತೇನು?”

“ನಂಗ ಸಿಗ್ನಲ್ ಬಿಟ್ರ ಏನೂ ನೆನಪಿರೂದಿಲ್ಲ.”

“ರೂಪಕದಾಗ ಮೊದಲನೇ ಏಟ ಖಾಲಿ ರೀ. ಸಮ್‌ಗೆ ತಟ್ಟೂದಿಲ್ಲ, ಕೈ ಬೀಸಿ ಬಿಡ್ತೀವಿ. ಹಂಗಂತ ಸಮ್ ಎಲ್ಲೂ ಹೋಗೂದಿಲ್ಲ. ಇದೂ ಹಂಗ. ಒಂದಕ್ಕ ಬೀಸೂದು, ಎರಡಕ್ಕ ತಟ್ಟೂದು. ನಾ ಸುಮ್ನ ಅದರ ಜೋಡಿ ಜಗಳಾಡಾಕತ್ತಿದ್ದೆ.”

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಬೀಸು, ತಟ್ಟು, ಬೀಸು, ತಟ್ಟು. ಅಡುಗೆ ಕಟ್ಟೆಯ ಮೇಲೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ, ನಾನು ಪಕ್ಕದಲ್ಲಿದ್ದರೆ ನನ್ನ ಭುಜದ ಮೇಲೆ. ಹಲೀನಾ ಆಂಟಿಯ ಎದುರು ನಿಂತು ದಿನಾ ಸಂಜೆ ಅದೇ. ಚರಣ ಮುಗಿದು ಮುಂದಿನದಕ್ಕೆ ಹೋಗುವಾಗ ಬೆರಳು ಮಡಚಿ ತೋರಿಸುತ್ತಿದ್ದಳು. ನನಗೇ ಹಾಡು ಬಾಯಿಗೆ ಬಂದಿತ್ತು. ತಾದೆಕ್ ಮತ್ತೆ ಬಂದು ಕೇಳಿ ತಲೆದೂಗಿದ. ಒಂದೇ ಷರತ್ತು ಹಾಕಿದ: ಸ್ಟೇಜಿನ ಮೇಲೆ ಆ ಕೈ ಆಡಬಾರದು. ಜನ ಹಾಡು ಬಿಟ್ಟು ಕೈ ನೋಡುತ್ತಾರೆ. ಎರಡೂ ಕೈಯಲ್ಲಿ ಮೈಕ್ ಹಿಡಿ. ಪ್ರತಿಭಾ ಒಪ್ಪಿದಳು.

2023ರ ಮೇ ತಿಂಗಳ ಭಾನುವಾರ. ಬಾಲ್ಟಿಮೋರಿನ ದಾರಿಯುದ್ದಕ್ಕೂ ನನಗೆ ಚಡಪಡಿಕೆ. ಹೈವೇಯಲ್ಲಿ ಕಾರುಗಳು ಇರುವೆ ಸಾಲಿನಂತೆ ಹೋಗುತ್ತಿದ್ದವು. ನಾನು ಎಲ್ಲರಿಗೂ ಬೈದೆ. ಹಲೀನಾ ಆಂಟಿ ನೀಲಿ ಉಡುಪು, ಮುತ್ತಿನ ಸರ ಹಾಕಿದ್ದರು. ಹಿಯರಿಂಗ್ ಏಡ್‌ಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದಿದ್ದರು.

ಹಾಲ್ ತುಂಬಿತ್ತು. ನಾನು, ಆಂಟಿ ಮುಂದಿನ ಟೇಬಲ್ಲಿಗೆ ಕೂತೆವು. ಬ್ಯಾಂಡು ಶುರುವಾದ ಕೂಡಲೇ ಆಂಟಿಯ ಹಿಯರಿಂಗ್ ಏಡ್ ಕುಂಯ್ ಎಂದು ಕೂಗತೊಡಗಿತು. ಅದನ್ನು ತಿರುವಿದರು, ತೆಗೆದರು, ಮತ್ತೆ ಹಾಕಿದರು. ಕಹಳೆ, ಡ್ರಮ್ಮು, ಜನರ ಮಾತು, ತಟ್ಟೆಗಳ ಸದ್ದು ಎಲ್ಲ ಒಂದೇ ಮುದ್ದೆಯಾಗಿ ಕೇಳುತ್ತಿತ್ತೇನೋ. ಪ್ರತಿಭಾ ಸ್ಟೇಜಿಗೆ ಬರುವ ಹೊತ್ತಿಗೆ ಅದನ್ನು ಪರ್ಸಿನಲ್ಲಿ ಹಾಕಿಬಿಟ್ಟಿದ್ದರು.

ಪ್ರತಿಭಾ ಹಾಡಿದಳು. ಮಾವಿನಹಣ್ಣಿನ ಬಣ್ಣದ ಇಳಕಲ್ ಸೀರೆ, ಎರಡೂ ಕೈಯಲ್ಲಿ ಮೈಕ್. ಒಂದರ ಮೇಲೆ ಎಲ್ಲೂ ಕೂರಲಿಲ್ಲ. ಹಾಲ್‌ನ ಮುದುಕ ಮುದುಕಿಯರು ಎದ್ದು ಕುಣಿಯಲು ಹೋದರು. ಪಕ್ಕಕ್ಕೆ ತಿರುಗಿದರೆ ಆಂಟಿ ಅಳುತ್ತಿದ್ದರು, ಖುಷಿಗಲ್ಲ.

“ಬರೀ ಗಡಗಡ ಅನ್ನುತ್ತಿದೆ, ಲಾರಿ ಹೋದ ಹಾಗೆ,” ಎಂದರು. “ಹಾಡು ಎಲ್ಲಿದೆ? ನನಗೆ ಸಿಗುತ್ತಿಲ್ಲ.”

ಇದೊಂದಕ್ಕಾಗಿ ಬಂದಿದ್ದರಲ್ಲ ಆ ಮುದುಕಿ. ಇನ್ನೆಂದೂ ಸಿಗುವುದಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಇವತ್ತಿಗೂ ಗೊತ್ತಿಲ್ಲ. ಎದ್ದು ನಿಂತೆ. ಜನರ ಮಧ್ಯೆ ಹುಚ್ಚನ ಹಾಗೆ ಕೈ ಬೀಸಿ ನನ್ನ ಕಿವಿ ತೋರಿಸಿದೆ, ಆಂಟಿಯನ್ನು ತೋರಿಸಿದೆ, ಇಲ್ಲ ಇಲ್ಲ ಎಂದು ತಲೆಯಾಡಿಸಿದೆ. ಹಿಂದಿನವರು ಕೂರಲು ಹೇಳಿದರು. ನಾನು ಕೂರಲಿಲ್ಲ.

ಪ್ರತಿಭಾ ನೋಡಿದಳು. ಮೈಕಿನಿಂದ ಬಲಗೈ ತೆಗೆದಳು.

ಆ ಕೈಯನ್ನು ತಲೆಯ ಮಟ್ಟಕ್ಕೆ ಎತ್ತಿ ಬೀಸಿದಳು, ತೊಡೆಗೆ ತಟ್ಟಿದಳು. ಬೀಸಿದಳು, ತಟ್ಟಿದಳು. ಚರಣ ಮುಗಿಯಿತೆಂದು ಒಂದು ಬೆರಳು ಮಡಚಿದಳು. ತಾದೆಕ್ ಬಾಸಿನ ಹಿಂದಿನಿಂದ ಕಣ್ಣು ಬಿಟ್ಟ. ಹಲೀನಾ ಆಂಟಿ ಕಣ್ಣೊರೆಸಿಕೊಂಡು ಆ ಕೈ ನೋಡಿದರು. ಅವರ ಕೈ ಟೇಬಲ್ಲಿನ ಮೇಲೆ ಬೀಸಿತು, ತಟ್ಟಿತು. ಗ್ಯಾರೇಜಿನಲ್ಲಿ ಅವರು ತಾಳದ ತಪ್ಪು ನೋಡುತ್ತಿರಲಿಲ್ಲ. ಕಿವಿಗೆ ಸಿಗದ ಹಾಡನ್ನು ಆ ಕೈಯಿಂದ ಎತ್ತಿಕೊಳ್ಳುತ್ತಿದ್ದರು. ಇದು ನನಗೆ ಆಗ ಹೊಳೆಯಿತು. ಎರಡನೇ ಚರಣ ಎಲ್ಲಿ ಶುರುವಾಗಬೇಕೋ ಸರಿಯಾಗಿ ಅಲ್ಲೇ ಅವರು ಬಾಯಿ ತೆರೆದರು.

ಒಡೆದ ದನಿ, ಕಿವುಡರ ಜೋರು. ಶ್ರುತಿ ಕೆಳಗೆ ಇಳಿದುಹೋಗಿತ್ತು. ಪ್ರತಿಭಾ ಹಾಡುವುದನ್ನು ನಿಲ್ಲಿಸಿದಳು. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಸ್ಟೇಜಿನ ಅಂಚಿಗೆ ಬಂದು ನಿಂತು ಬರೀ ತಾಳ ಹಾಕಿದಳು. ತಾದೆಕ್ ಕಹಳೆಗಳಿಗೆ ಸುಮ್ಮನಿರಲು ಸನ್ನೆ ಮಾಡಿದ. ಬಾಸ್ ಒಂದೇ ನಡೆಯಿತು. ಚಪ್ಪಲಿ ಕೈಯಲ್ಲಿ ಹಿಡಿದ ಹುಡುಗಿಯ ಚರಣ, ಬೆಳಗಿನ ಟ್ರಾಮಿನ ಚರಣ ಎರಡನ್ನೂ ಆಂಟಿಯೇ ಕೂತಲ್ಲಿಂದ ಹಾಡಿದರು.

ಮನೆಗೆ ಬರುವಾಗ ಕಾರಿನಲ್ಲಿ ನನಗೆ ತಡೆಯಲಾಗಲಿಲ್ಲ. “ಇಷ್ಟು ದಿನಾ ಕಲ್ತು ನೀ ಹಾಡಿದ್ದು ಒಂದ ಚರಣ.”

“ಹಾಡು ಅವರ್ದು ರೀ. ಅವರ ಹಾಡಿದ್ರು. ನಂಗೇನ ಕಡಿಮಿ ಆತು?” ಎಂದಳು ಪ್ರತಿಭಾ. ಬಲಗೈ ಕೆಂಪಾಗಿತ್ತು. ಅದನ್ನು ಎಸಿಯ ಗಾಳಿಗೆ ಹಿಡಿದಿದ್ದಳು.

ಹಿಂದಿನ ಸೀಟಿನಿಂದ ಆಂಟಿ ಕನ್ನಡಿಯಲ್ಲಿ ನನ್ನ ಮುಖ ಹುಡುಕಿ ಕೇಳಿದರು: “ನನಗೆ ನನ್ನ ದನಿ ಕೇಳಲಿಲ್ಲ. ಶ್ರುತಿ ತಪ್ಪಿತಾ?”

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಹೌದು ಎಂದು ಗೋಣು ಹಾಕಿದೆ. ಪ್ರತಿಭಾ ನನ್ನ ತೋಳು ಚಿವುಟಿದಳು.

“ತಾಳ?”

ಇಲ್ಲ ಎಂದು ತಲೆಯಾಡಿಸಿದೆ. ಎಲ್ಲೂ ತಪ್ಪಿರಲಿಲ್ಲ. ಅವರು ಸೀಟಿಗೆ ಒರಗಿ ಮನೆಯವರೆಗೂ ನಿದ್ದೆ ಮಾಡಿದರು.

ಜೂನ್‌ನಲ್ಲಿ ರೆಕಾರ್ಡುಗಳೆಲ್ಲ ಶಾರ್ಲಟ್‌ಗೆ ಹೋದವು. ಪಕ್ಕದ ಮನೆಗೆ ಕೂಸಿರುವ ಒಂದು ಜೋಡಿ ಬಂತು, ಅವರ ಗ್ಯಾರೇಜಿನಲ್ಲಿ ಈಗ ಕಾರು ನಿಲ್ಲುತ್ತದೆ. ನನ್ನ ಮೀಟಿಂಗುಗಳು ಸದ್ದಿಲ್ಲದೆ ನಡೆಯುತ್ತವೆ, ಆ ಸದ್ದಿಲ್ಲದಿರುವುದಕ್ಕೂ ನಾನು ಗೊಣಗುತ್ತೇನೆ. ಮುಂದಿನ ಚಳಿಗಾಲಕ್ಕೆ ಆಂಟಿಯ ಎಡಗಿವಿಯೂ ಹೋಯಿತು. ಇನ್ನು ಫೋನ್ ಮಾಡಿ ಏನು ಮಾತಾಡುತ್ತಾರೆ ಅಂದುಕೊಂಡೆ.

ಮೊನ್ನೆ ಕೆಳಗಿಳಿದು ಬಂದಾಗ ಪ್ರತಿಭಾ ಒಂದು ಕೈಯಲ್ಲಿ ಫೋನ್ ಹಿಡಿದು ಅಡುಗೆಮನೆಯಿಂದ ಹಾಲ್‌ಗೆ, ಹಾಲ್‌ನಿಂದ ಅಡುಗೆಮನೆಗೆ ನಡೆಯುತ್ತಿದ್ದಳು. ಕೂರುವುದಂತೂ ಅವಳಿಗೆ ಇನ್ನೂ ಬಂದಿಲ್ಲ. ವಿಡಿಯೋದಲ್ಲಿ ಹಲೀನಾ ಆಂಟಿ. ಇಬ್ಬರ ಬಾಯಿಯೂ ಮುಚ್ಚಿತ್ತು. ಇಬ್ಬರ ಬಲಗೈಯೂ ಬೀಸುತ್ತಿತ್ತು, ತಟ್ಟುತ್ತಿತ್ತು. ಪ್ರತಿಭಾ ಎರಡನೇ ಬೆರಳು ಮಡಚಿದಳು, ಮೂರನೇ ಚರಣ ಶುರು. ನಾನು ಸದ್ದಾಗದಂತೆ ಮೆಟ್ಟಿಲ ಮೇಲೆ ಕೂತೆ. ಬೆಳಗಿನ ಟ್ರಾಮ್ ಬಂದಿತ್ತು. ಇಬ್ಬರೂ ಹತ್ತಲಿಲ್ಲ.