ಒದ್ದೆ ಗೋಣಿಚೀಲ

ನಮ್ಮತ್ತೆ ಸುಗಟೂರಿನಲ್ಲಿ ಮೂವತ್ತು ವರ್ಷ ರೇಷ್ಮೆಹುಳು ಸಾಕಿದವರು. ಬೇಸಿಗೆಯಲ್ಲಿ ಹುಳುಮನೆಯ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ ತಂಪು ಮಾಡುವುದು ಅವರಿಗೆ ಉಸಿರಾಡಿದಷ್ಟೇ ಸಲೀಸು. ಮಂಡಿನೋವು ಬಂದು ಸೊಪ್ಪು ಹೊರಲಾಗದಾದಾಗ, ಅದೇ ಹುಳುಮನೆಯಲ್ಲಿ ಕಡಲೆಕಾಯಿ ಸಿಪ್ಪೆ ಹಾಸಿ ಇನ್ನೂರು ಕೋಳಿಮರಿ ಬಿಟ್ಟೆವು. ಎರಡೇ ದಿನಕ್ಕೆ ಅವು ಅತ್ತೆಯ ಬಾಯಲ್ಲಿ "ಬಂಗಾರು" ಆಗಿಬಿಟ್ಟವು. ನಾನು ಸೊಸೆಯಾಗಿ ಬಂದು ಆರು ವರ್ಷವಾದರೂ ನನಗೆ ಬರೀ "ಏನೇ" ಅಷ್ಟೆ.

ಮೂರನೇ ವಾರಕ್ಕೆ ಬಿಸಿಲೇರಿ ಮರಿಗಳು ಬಾಯಿ ಬಿಟ್ಟು ತೇಕತೊಡಗಿದವು.

"ಬಂಗಾರುಗಳು ಬೇಯ್ತಾ ಅವೆ ಕಣೇ!"

ಅತ್ತೆ ಕಿಟಕಿಗೆ ಗೋಣಿಚೀಲ ಕಟ್ಟಿದರು. ದಿನಕ್ಕೆ ಮೂರು ಸಲ ಸಿಪ್ಪೆಯ ಮೇಲೆ ನೀರು ಚಿಮುಕಿಸಿದರು. ನಾನು ಬಿಂದಿಗೆ ತುಂಬಿಕೊಟ್ಟೆ. ಇಬ್ಬರು ಬುದ್ಧಿವಂತರಿಗೂ ಅನುಮಾನವೇ ಬರಲಿಲ್ಲ.

ವಾರದೊಳಗೆ ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆ ಸೇರಿದವು. ಹಿಕ್ಕೆಯಲ್ಲಿ ರಕ್ತ. ಮೊದಲ ದಿನ ಏಳು ಸತ್ತವು, ಮರುದಿನ ಹದಿನೆಂಟು. "ನನ್ ಕೈಯಲ್ಲಿ ಒಂದ್ ಹುಳಾನೂ ಕೆಟ್ಟಿರ್ಲಿಲ್ಲ," ಎಂದು ಅತ್ತೆ ಊಟ ಬಿಟ್ಟರು.

ಪಶುವೈದ್ಯರು ಬಂದು ಸತ್ತ ಮರಿಯ ಕರುಳು ಸೀಳಿ ನೋಡಿದರು. ಹಿಡಿ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಯಿತು.

"ಕಾಕ್ಸಿಡಿಯೋಸಿಸ್. ಕರುಳಿಗೆ ಸೇರೋ ಪರಾವಲಂಬಿ. ಒದ್ದೆ ಹಾಸಿಗೇಲಿ ಬಲಿಯುತ್ತೆ, ಕೆದಕಿ ತಿಂದ ಮರಿಗೆಲ್ಲ ಹತ್ಕೊಳ್ಳುತ್ತೆ. ಜಾಗಾನೂ ಇಕ್ಕಟ್ಟು. ನೀರು ಹಾಕಿದ್ದು ಯಾರು?"

ಅತ್ತೆಯ ಮುಖ ನೋಡಿ ನನಗೆ ಸಂಕಟವಾಯಿತು. "ನಾನೇ ಸಾರ್," ಎಂದೆ. ಅರ್ಧ ಸುಳ್ಳು, ಬಿಂದಿಗೆ ತುಂಬಿದವಳು ನಾನೇ ತಾನೇ? ವೈದ್ಯರು ನನ್ನನ್ನು ಚೆನ್ನಾಗಿ ಝಾಡಿಸಿದರು. ಅತ್ತೆ ಎದ್ದು ಹೋಗಿ ಕಿಟಕಿಯ ಗೋಣಿಚೀಲ ಬಿಚ್ಚತೊಡಗಿದರು.

ಕುಡಿಯುವ ನೀರಿಗೆ ಔಷಧಿ ಬೆರೆಸಿದೆವು. ಹಳೇ ಸಿಪ್ಪೆಯನ್ನೆಲ್ಲ ಇಬ್ಬರೂ ಬಾಚಿ ಹೊರಹಾಕಿ, ಒಣಗಿದ್ದನ್ನು ಹಾಸಿ, ಅರ್ಧ ಮರಿಗಳನ್ನು ಪಕ್ಕದ ಕೋಣೆಗೆ ಬಿಟ್ಟೆವು. ನೂರಾ ನಲವತ್ತು ಬದುಕಿಕೊಂಡವು. ಅಂದಿನಿಂದ ಅತ್ತೆ ಬೆಳಿಗ್ಗೆ ಎದ್ದವರೇ ಸಿಪ್ಪೆ ಹಿಸುಕಿ, ಅಂಗೈ ಬಿಚ್ಚಿ ನನಗೆ ತೋರಿಸುತ್ತಿದ್ದರು: "ನೋಡೇ, ಹೆಂಗ್ ಉದುರ್ತದೆ!" ನನ್ನ ಸುಳ್ಳಿನ ವಿಷಯ ಮಾತ್ರ ಎತ್ತಲೇ ಇಲ್ಲ.

ಮುಂದಿನ ತಿಂಗಳು ಸೆಕೆ ಇನ್ನೂ ಜೋರಾಯಿತು. ಒಂದು ಮಧ್ಯಾಹ್ನ ತಲೆನೋವೆಂದು ಮಲಗಿದ್ದೆ. ಎಚ್ಚರವಾದಾಗ ಕೋಣೆ ತಣ್ಣಗಿತ್ತು. ಕಿಟಕಿಯಾಚೆ ಅತ್ತೆ, ಮಂಡಿನೋವಿಗೆ ನರಳುತ್ತ, ಒದ್ದೆ ಗೋಣಿಚೀಲ ಕಟ್ಟುತ್ತಿದ್ದರು.

"ಮಲಕ್ಕೋ ಬಂಗಾರು," ಎಂದರು. "ನಿಂಗೇನೂ ಆಗಲ್ಲ."