ಎಫೆಸಸ್‌ನ ಕಡಲು

ದೆವ್ವ ಕಂಡೆ, ಆತ್ಮ ಬಂತು ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗಿ ಕಾಫಿಗೆ ನೀರಿಡುತ್ತಿದ್ದೆ. ಇತಿಹಾಸ ಪಾಠ ಮಾಡುವವಳು ನಾನು, ನನಗೆ ಸಾಕ್ಷಿ ಬೇಕು. ಹಾಗಿದ್ದೂ ಇದನ್ನು ಬರೆಯುತ್ತಿದ್ದೇನೆ. ನಂಬಿ ಅಂತ ಕೇಳುತ್ತಿಲ್ಲ. ನೀವು ನಂಬದಿದ್ದರೆ ನನಗೇ ಒಳ್ಳೆಯದು.

ನಿಲಾಯ್ ಅನ್ನೋ ಊರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನನಗೆ ಕೆಲಸ. ನಮ್ಮ ವಿಭಾಗದಲ್ಲಿ ಕನ್ನಡದವರು ಅಂತ ಇದ್ದದ್ದು ಇನ್ನೊಬ್ಬರೇ, ಮಂಗಳೂರಿನ ಲೋಬೋ ಸರ್. ಅರವತ್ತು ದಾಟಿದ ಒಂಟಿ ಮನುಷ್ಯ. ಪರದೇಶದಲ್ಲಿ ನಮ್ಮ ಭಾಷೆಯವರು ಸಿಕ್ಕರೆ ಪ್ರೀತಿ ಉಕ್ಕುತ್ತೆ ಅಂತಾರಲ್ಲ, ನಮ್ಮಿಬ್ಬರ ನಡುವೆ ಉಕ್ಕಿದ್ದು ದ್ವೇಷ. ಕ್ರೈಸ್ತ ಧರ್ಮ ಎಲ್ಲಿ ಹುಟ್ಟಿತು, ಯಾವ ದಾರಿ ಹಿಡಿದು ಹರಡಿತು ಅನ್ನೋ ಪಾಠ ವರ್ಷಗಳಿಂದ ಅವರದಾಗಿತ್ತು. ಅದರಲ್ಲಿ ಅರ್ಧ ನನ್ನ ಪಾಲಿಗೆ ಬಂದದ್ದೇ ಜಗಳಕ್ಕೆ ಮೂಲ.

ಜೆರುಸಲೇಮ್, ಅಂತಿಯೋಕ್ಯ, ಎಫೆಸಸ್, ಕೊರಿಂಥ, ರೋಮ್ ಅಂತ ಐದು ಊರಿಗೆ ಐದು ದೊಡ್ಡ ನಕ್ಷೆ ಮಾಡಿ ವಿಭಾಗದ ಕೋಣೆಯ ಗೋಡೆಗೆ ಹಚ್ಚಿದ್ದೆ. ಉಪಗ್ರಹದ ಚಿತ್ರ ನೋಡಿ, ಕಣ್ಣು ಕೆಂಪಾಗುವಷ್ಟು ಹೊತ್ತು ಕೂತು ಮಾಡಿದ ನಕ್ಷೆಗಳು. ಲೋಬೋ ಸರ್ ವಿಭಾಗದ ಮೀಟಿಂಗಿನಲ್ಲಿ ಎಲ್ಲರೆದುರು ಎಫೆಸಸ್ ಮುಂದೆ ನಿಂತರು. ಉಳಿದವರಿಗೆ ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ನನಗೆ ಚುಚ್ಚಲಿಕ್ಕೆಂದೇ ಕನ್ನಡದಲ್ಲಿ ಹೇಳಿದರು. "ಎಂತ ಮೇಡಂ ಇದು? ಎಫೆಸಸ್ ಆಗ ಬಂದರು ಪಟ್ಟಣ. ನಿಮ್ಮ ನಕ್ಷೆಯಲ್ಲಿ ಊರಿನ ಹತ್ತಿರ ಕಡಲೇ ಇಲ್ಲ. ಸಂತ ಪೌಲ ಹಡಗು ಹತ್ತಿದ್ದು ಎಲ್ಲಿಂದ, ಗದ್ದೆಯಿಂದಲಾ ಮಾರಾಯ್ರೆ?"

ಎಲ್ಲರೂ ನಕ್ಕರು. ಅವರು ಹೇಳಿದ್ದು ಸರಿ ಅಂತ ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ನದಿ ತಂದು ಸುರಿದ ಹೂಳಿಗೆ ಆ ಬಂದರು ಮುಚ್ಚಿಹೋಗಿ, ಕಡಲು ಈಗ ಮೈಲಿಗಟ್ಟಲೆ ದೂರ ಸರಿದಿದೆ. ಎರಡು ಸಾವಿರ ವರ್ಷದ ಹಿಂದಿನ ಊರಿಗೆ ನಾನು ಇವತ್ತಿನ ದಡ ಬರೆದಿದ್ದೆ. ಆದರೆ ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಹಟಕ್ಕೆ ಬಿದ್ದು ನಕ್ಷೆ ತಿದ್ದಲೇ ಇಲ್ಲ.

ಅಷ್ಟರಲ್ಲಿ ಕೋವಿಡ್ ಬಂತು. ಲೋಬೋ ಸರ್‌ಗೆ ಒಂದು ದರಿದ್ರ ಅಭ್ಯಾಸ. ಒದ್ದೆಯಾದರೆ ನೇರಳೆ ಬಣ್ಣಕ್ಕೆ ತಿರುಗುವ ಹಳೇ ಕಾಲದ ಪೆನ್ಸಿಲ್ ಒಂದಿತ್ತು, ಅದನ್ನು ನಾಲಿಗೆಗೆ ತಾಗಿಸಿ ತಾಗಿಸಿ ಬರೆಯೋರು. ನಾನು ಮೇಲಿನವರಿಗೆ ದೂರು ಬರೆದೆ. ಎಲ್ಲರ ಕಾಗದಕ್ಕೂ ಎಂಜಲು ಹಚ್ಚುತ್ತಾರೆ, ಆನ್‌ಲೈನ್ ಪಾಠ ಇವರ ಕೈಲಾಗಲ್ಲ, ಹೀಗೇ ಎರಡು ಪುಟ. ಅವರ ಒಪ್ಪಂದ ಮುಂದುವರಿಯಲಿಲ್ಲ. ವಿಮಾನಗಳಿಲ್ಲದೆ ಊರಿಗೂ ಹೋಗಲಾಗದೆ ನಿಲಾಯ್‌ನಲ್ಲೇ ಒಂದು ಬಾಡಿಗೆ ಕೋಣೆಯಲ್ಲಿ ಉಳಿದರು. ಕೇಳಿ ನನಗೆ ಸಂಕಟವಾಯಿತು ಅಂತ ಬರೆದರೆ ಸುಳ್ಳಾಗುತ್ತೆ. ಸದ್ಯ, ಪೀಡೆ ತೊಲಗಿತು ಅಂದುಕೊಂಡೆ.

ಆಮೇಲೆ ನನ್ನ ಕುತ್ತಿಗೆಗೇ ಬಂತು. ನನ್ನ ಒಪ್ಪಂದವೂ ಮುಗಿಯುತ್ತಿತ್ತು. ಒಂದು ಪಾಠ ರೆಕಾರ್ಡ್ ಮಾಡಿ ಹೊರಗಿನ ಪರೀಕ್ಷಕರಿಗೆ ಕಳಿಸಬೇಕು, ಅವರು ಸೈ ಅಂದರಷ್ಟೇ ಕೆಲಸ. ಗಂಡನ ಕಂಪನಿ ಆಗಲೇ ಬಾಗಿಲು ಹಾಕಿತ್ತು. ಗಂಡ, ಮಗಳು ಇಬ್ಬರೂ ಈ ದೇಶದಲ್ಲಿ ಉಳಿದಿದ್ದು ನನ್ನ ವೀಸಾದ ಮೇಲೆ. ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡೋಳು. "ಆರ್ ವಿ ಲೀವಿಂಗ್ ಅಮ್ಮಾ?" ಅಂತ ದಿನಾ ಒಂದೇ ಪ್ರಶ್ನೆ.

ನಕ್ಷೆಗಳಿದ್ದದ್ದು ಮುಚ್ಚಿದ ಕ್ಯಾಂಪಸ್ಸಿನಲ್ಲಿ. ಲಾಕ್‌ಡೌನಿನ ಅನುಮತಿ ಪತ್ರ ಹಿಡಿದು, ದಾರಿಯಲ್ಲಿ ಎರಡು ಕಡೆ ಪೊಲೀಸರಿಗೆ ತೋರಿಸಿ, ನಮ್ಮ ಮನೆಯಿರುವ ಸೈಬರ್‌ಜಯಾದಿಂದ ನಿಲಾಯ್‌ಗೆ ಒಬ್ಬಳೇ ಕಾರು ಓಡಿಸಿಕೊಂಡು ಹೋದೆ. ಮಟಮಟ ಮಧ್ಯಾಹ್ನ. ಗೇಟಿನಲ್ಲಿದ್ದ ತಮಿಳು ಗಾರ್ಡ್ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆಸಿಕೊಂಡ. ನಮ್ಮ ಕಟ್ಟಡಕ್ಕೆ ಆರು ವಾರದಿಂದ ಯಾರೂ ಬಂದಿಲ್ಲ ಅಕ್ಕಾ ಅಂತ ಹೇಳಿ, ಬೀಗ ತಾನೇ ತೆಗೆದುಕೊಟ್ಟ.

ವಿಭಾಗದ ಕೋಣೆಯಲ್ಲಿ ಮುಗ್ಗಲು ವಾಸನೆ. ಕ್ಯಾಮೆರಾ ನಿಲ್ಲಿಸಿ ನಕ್ಷೆಗಳ ಕಡೆ ತಿರುಗಿದೆ. ಎಫೆಸಸ್‌ಗೆ ಕಡಲು ಬಂದಿತ್ತು.

ನೇರಳೆ ಬಣ್ಣದ ಗೆರೆ. ನಾನು ಬರೆದಿದ್ದ ದಡದಿಂದ ಹೊರಟು, ಊರಿನ ಬುಡಕ್ಕೆ ಬಂದು, ಅಲ್ಲಿ ಬಂದರಿನ ಆಕಾರಕ್ಕೆ ಬಾಗಿ ಮತ್ತೆ ಹೊರಗೆ ಹೋಗಿತ್ತು. ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಈ ಮುದುಕ ಹೇಗೋ ಒಳಗೆ ನುಗ್ಗಿ ನನ್ನ ಕೆಲಸ ಕೆಡಿಸಿ ಹೋಗಿದ್ದಾನೆ ಅಂತ ಬಾಯಿಗೆ ಬಂದ ಹಾಗೆ ಬೈದೆ. ಒರೆಸಲು ಹೆಬ್ಬೆರಳಿಟ್ಟು ಉಜ್ಜಿದರೆ ಬಣ್ಣ ಬೆರಳಿಗೆ ಅಂಟಿತು. ಗೆರೆ ಇನ್ನೂ ಹಸಿಯಾಗಿತ್ತು.

ಅಳಿಸಲಾಗಲಿಲ್ಲ, ಬೇರೆ ನಕ್ಷೆ ಇಲ್ಲ, ಅನುಮತಿ ಇದ್ದದ್ದು ಅವತ್ತೊಂದು ದಿನಕ್ಕೆ. ಹಾಗೇ ಪಾಠ ಮಾಡಿದೆ. ಗಲಿಲಾಯದ ಹಳ್ಳಿಗಳಲ್ಲಿ ಯೆಹೂದ್ಯರ ನಡುವೆ ಹುಟ್ಟಿದ ಒಂದು ನಂಬಿಕೆ ವ್ಯಾಪಾರಿಗಳ ಜೊತೆ ಬಂದರಿನಿಂದ ಬಂದರಿಗೆ ಹೇಗೆ ಹೋಯಿತು ಅಂತ ಹೇಳುತ್ತಾ, ಆ ಗೆರೆಯ ಮೇಲೆ ಬೆರಳಾಡಿಸಿ, "ನೋಡಿ, ಆಗ ಕಡಲು ಇಲ್ಲಿತ್ತು" ಅಂದೆ. ಆ ಗೆರೆ ನಾನೇ ಎಳೆದದ್ದೇನೋ ಅನ್ನೋ ಹಾಗೆ.

ಸಂಜೆ ಮನೆ ತಲುಪುವ ಹೊತ್ತಿಗೆ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಿತ್ತು. ಕೋವಿಡ್ ಆಗಿ ಒಂಬತ್ತು ದಿನದಿಂದ ಆಸ್ಪತ್ರೆಯಲ್ಲಿದ್ದ ಲೋಬೋ ಸರ್ ಅವತ್ತು ಬೆಳಿಗ್ಗೆ ಹೋಗಿಬಿಟ್ಟರು.

ಸೆಕೆಗೆ, ತೇವಕ್ಕೆ ಹಳೇ ಗೆರೆಯೇ ಹಸಿಯಾಗಿರಬೇಕು ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆರು ವಾರದ ಹಿಂದೆ ಕ್ಯಾಂಪಸ್ ಮತ್ತೆ ಮುಚ್ಚಿದ ದಿನ ಹೊರಡುವ ಮುಂಚೆ ನಾನೇ ತೆಗೆದ ಫೋಟೋ ಫೋನಿನಲ್ಲಿದೆ. ಅದರಲ್ಲಿ ಗೆರೆ ಇಲ್ಲ. ಅವರು ಕೆಲಸ ಬಿಟ್ಟುಹೋಗಿ ಆಗಲೇ ತಿಂಗಳ ಮೇಲಾಗಿತ್ತು. ಗಾರ್ಡ್‌ನನ್ನು ಮತ್ತೆ ಕೇಳಿದೆ, ರಿಜಿಸ್ಟರಿನ ಪುಟ ತಿರುವಿ ನೋಡಿದೆ. ಯಾರೂ ಇಲ್ಲ.

ಪರೀಕ್ಷಕರು ನನ್ನ ಪಾಠವನ್ನು ಹೊಗಳಿದರು. ಅದರಲ್ಲೂ ಎಫೆಸಸ್‌ನ ಹಳೇ ದಡ ಗುರುತಿಸಿದ್ದನ್ನ. ಕೆಲಸ ಉಳಿಯಿತು, ವೀಸಾ ಉಳಿಯಿತು, ಮಗಳು ಆ ಪ್ರಶ್ನೆ ಕೇಳೋದು ಬಿಟ್ಟಳು. ಆ ಗೆರೆ ನನ್ನದಲ್ಲ ಅಂತ ನಾನು ಯಾರಿಗೂ ಹೇಳಲಿಲ್ಲ.

ನಡೆದದ್ದೇನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಸಿಟ್ಟು ಮಾತ್ರ ಇಳಿದಿಲ್ಲ. ಆ ಮನುಷ್ಯ ಬಂದು ನನ್ನ ಕತ್ತು ಹಿಸುಕಿದ್ದರೆ, ನಕ್ಷೆಗಳನ್ನೆಲ್ಲ ಹರಿದು ಎಸೆದಿದ್ದರೆ, ನಾನು ಮಾಡಿದ್ದಕ್ಕೆ ಸರಿಹೋಯಿತು ಅಂತ ಸುಮ್ಮನಾಗುತ್ತಿದ್ದೆ. ಅವರ ಅನ್ನ ಕಿತ್ತುಕೊಂಡವಳು ನಾನು. ನನ್ನ ಅನ್ನ ಉಳಿಸಿ ಹೋದರು. ಅದಕ್ಕೇ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ.