ಕರಣೆ ಕೊಟ್ಟ ಮೇಸ್ತ್ರಿ

ಮೇಸ್ತ್ರಿಯ ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ಸಿಮೆಂಟು ತಿಂದು ತಿಂದು ಬೆರಳ ತುದಿಗಳೆಲ್ಲ ಹೊಳೆಯ ಕಲ್ಲಿನಂತೆ ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಮೆಷಿನ್ನಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದು ಇವರನ್ನು ಮನುಷ್ಯನೆಂದೇ ಒಪ್ಪುತ್ತಿರಲಿಲ್ಲವಂತೆ. "ಆ ಅಂಗ್ಡಿ ಕಟ್ಟಿದ್ದೇ ನಾನು ಕಣಕ್ಕ. ನನ್ನೇ ಗುರ್ತು ಇಡೀತಿಲ್ಲ ನೋಡು" ಎಂದು ನಗುತ್ತಿದ್ದರು. ನಕ್ಕರೆ ಕೆಮ್ಮು ಬರುತ್ತಿತ್ತು.

ನಾನು ಓದಿದವಳಲ್ಲ. ನಮ್ಮ ಹೆಂಗಸರ ಸಂಘದವರು ಸಂಜೆ ಹೊತ್ತು ಕಲಿಸಿದ ಅಕ್ಷರದಲ್ಲಿ ಇದನ್ನು ಬರೆಯುತ್ತಿದ್ದೇನೆ. ಬರೆಯದೆ ಇರಲು ಆಗುತ್ತಿಲ್ಲ. ನನ್ನ ಮೊಮ್ಮಗಳು ಮೇಸ್ತ್ರಿಯಾಗಿದ್ದಾಳೆ. ಇನ್ನೊಂದು ಸಲ ಬರೆಯುತ್ತೇನೆ, ತಡೀರಿ: ನನ್ನ ಮೊಮ್ಮಗಳು ಮೇಸ್ತ್ರಿ!

ನಮ್ಮದು ವೀರನಹೊಸಹಳ್ಳಿ ಕಡೆಯ ಕಾಡಂಚಿನ ಹಾಡಿ. ಗಾರೆ ಕೆಲಸದಲ್ಲಿ ನಮ್ಮ ಹೆಂಗಸರಿಗೆ ಸಿಗುತ್ತಿದ್ದದ್ದು ಬಾಂಡ್ಲಿ ಒಂದೇ. ಎಷ್ಟು ಮನೆಗಳಿಗೆ ತಲೆ ಮೇಲೆ ಸಿಮೆಂಟಿನ ಕಲಸು ಹೊತ್ತೆನೋ, ನನ್ನ ಕತ್ತನ್ನೇ ಕೇಳಬೇಕು. ಕಲಸು ಬಳಿಯುವ ಕರಣೆ ಗಂಡಸರದು. ಮರೆತು ಮುಟ್ಟಿದರೂ "ಏಯ್, ಮಡಗಮ್ಮಿ ಕೆಳೀಕೆ" ಎಂದು ಗದರುತ್ತಿದ್ದರು.

ಅಂಥದ್ದರಲ್ಲಿ ನಮ್ಮ ಸಂಘ, ಪಂಚಾಯ್ತಿ, ಹುಣಸೂರಿನ ಒಂದು ತರಬೇತಿ ಶಾಲೆ ಸೇರಿಕೊಂಡು ಹಾಡಿಯ ಹುಡುಗಿಯರಿಗೆ ಗಾರೆ ಕೆಲಸ ಕಲಿಸುವುದೆಂದು ಮಾತಾಯಿತು. ಸಂಘದವರು ಹೆತ್ತವರನ್ನು ಒಪ್ಪಿಸಿದರು. ಪಂಚಾಯ್ತಿ ಜಾಗ, ಇಟ್ಟಿಗೆ ಕೊಟ್ಟಿತು. ಶಾಲೆಯವರು ಸಾಮಾನು ತಂದರು. ಆದರೆ ಹುಡುಗಿಯರಿಗೆ ಕಲಿಸುತ್ತೇನೆ ಅನ್ನುವ ಮೇಸ್ತ್ರಿಯೇ ಇಲ್ಲ! ಕೊನೆಗೆ ಹಾರನಹಳ್ಳಿ ಕಡೆಯಿಂದ ಈ ಮೇಸ್ತ್ರಿ ಬಂದರು, ಕೆಮ್ಮಿಕೊಂಡು.

ಇವರು ಕಲಿಸುತ್ತಿದ್ದ ರೀತಿಯೇ ಬೇರೆ. ಸಿಮೆಂಟಿಲ್ಲ, ಬರೀ ಮಣ್ಣಿನ ಕಲಸು. ಬೆಳಗ್ಗೆಯಿಂದ ಕಟ್ಟಿದ ಗೋಡೆಯನ್ನು ಸಂಜೆ ಹುಡುಗಿಯರ ಕೈಯಿಂದಲೇ ಕೆಡವಿಸಿ, ಇಟ್ಟಿಗೆಗೆ ಅಂಟಿದ ಮಣ್ಣು ಕೆರೆಸಿ, ಮತ್ತೆ ಜೋಡಿಸಿ ಇಡಿಸುತ್ತಿದ್ದರು. ದಾರಿಯಲ್ಲಿ ಹೋಗುವವರಿಗೆ ತಮಾಷೆ.

"ಏನ್ ಮೇಸ್ತ್ರಿ, ಆನೆ ಮಾಡೋ ಕೆಲ್ಸಾನ ನೀವೇ ಮಾಡ್ತಿದ್ದೀರಿ?"

"ಆನೆ ಕೆಡವ್ತದೆ ಕಣಪ್ಪ. ಇಟ್ಗೆ ಜೋಡ್ಸಿ ಮಡಗ್ತದಾ?"

ಒಂದು ಸಂಜೆ ನನ್ನ ಮೊಮ್ಮಗಳು ಗೋಡೆಗೆ ಅಡ್ಡ ನಿಂತುಬಿಟ್ಟಳು. "ಇದೊಂದ ಬುಡಿ ತಾತ, ಚೆಂದಾಗ್ ಬಂದದೆ."

"ಚೆಂದಾಗ್ ಬಂದದ್ದು ನಿನ್ ಕೈಲದೆ ಕಣ್ ಮಗ, ಗೋಡೇಲಿಲ್ಲ. ಕೆಡವು."

ಅವಳು ಅಳುತ್ತಾ ಕೆಡವಿದಳು. ಇವರು ಉಸ್ಸೆಂದು ಕೂತು ನನಗೆ ಹೇಳಿದರು, "ಸಾಕಾಗೋಯ್ತು ಕಣಕ್ಕ. ನಾಳಿಂದ ಬರಕಿಲ್ಲ ನಾನು." ದಿನವೂ ಸಂಜೆ ಇದೇ ಮಾತು. ದಿನವೂ ಬೆಳಗಿನ ಮೊದಲ ಬಸ್ಸಿಗೆ ಹಾಜರು.

ಕಲಿತದ್ದಾಯಿತು. ಕೆಲಸ ಕೊಡುವವರು ಯಾರು? ಹುಡುಗಿ ಕಟ್ಟಿದ ಗೋಡೆ ಅಂದರೆ ಜನ ನಗುತ್ತಿದ್ದರು. ಇವಳ ತಲೆಗೂ ನನ್ನ ಬಾಂಡ್ಲಿಯೇ ಬಂತಲ್ಲ ಅಂದುಕೊಂಡೆ. ಸಂಘದವರು ಹೇಳಿ ಹೇಳಿ ಸೋತರು. ಆಗ ಮೇಸ್ತ್ರಿ, ತಾವು ಒಪ್ಪಿಕೊಂಡಿದ್ದ ಒಬ್ಬ ಗೌಡರ ಹೊಸಮನೆ ಕೆಲಸಕ್ಕೆ ಅವಳನ್ನು ಕರೆದುಕೊಂಡರು. ಕಲಸು ಹೊರಲು ನಾನೂ ಹೋದೆ.

ಪಾಯ ಏಳುವವರೆಗೆ ಗೌಡರು ಸುಮ್ಮನಿದ್ದರು. ಬಾಗಿಲು ನಿಲ್ಲಿಸುವ ದಿನ ತಡೆದರು. ಅದು ಪೂಜೆಯ ಕೆಲಸ. ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ, ಅದನ್ನು ನೆಟ್ಟಗೆ ನಿಲ್ಲಿಸಿದ ಮೇಸ್ತ್ರಿಗೆ ಎಲೆ ಅಡಿಕೆಯ ಜೊತೆ ಹೊಸ ಪಂಚೆ ಕೊಡುವುದು ವಾಡಿಕೆ.

"ಇದ್ಕೆ ಮಾತ್ರ ನೀವೇ ಕೈ ಹಾಕ್ಬೇಕು ಮೇಸ್ತ್ರಿ. ಆ ಹುಡ್ಗಿ ಅತ್ಲಾಗಿರ್ಲಿ" ಎಂದರು ಗೌಡರು.

ಮೇಸ್ತ್ರಿ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟರು. "ರಟ್ಟೆ ಇಡ್ಕಂಬುಟ್ಟದೆ ಗೌಡ್ರೆ. ಎತ್ತಕ್ಕೇ ಆಯ್ತಾ ಇಲ್ಲ."

ಸ್ವಲ್ಪ ಹೊತ್ತಿಗೆ ಮುಂಚೆ ನನ್ನ ತಲೆಯ ಮೇಲಿನ ಬಾಂಡ್ಲಿ ಇಳಿಸಿದ್ದು ಅದೇ ರಟ್ಟೆ!

"ಬೇರೆ ಮೇಸ್ತ್ರಿ ಕರುಸ್ತೀನಿ" ಎಂದರು ಗೌಡರು.

"ಕರ್ಸಿ. ರಾವುಕಾಲಕ್ ಮುಂಚೆ ಬಂದ್ರೆ ಬರ್ಲಿ."

ಆರತಿ ತಟ್ಟೆ ಹಿಡಿದು ನಿಂತಿದ್ದ ಗೌಡರ ತಾಯಿಗೆ ಕೈ ನೋಯುತ್ತಿತ್ತೇನೋ. "ಒಳ್ಳೆ ಗಳಿಗೆ ಮೀರ್ತದೆ ಕಣ್ಲಾ. ನಿಲ್ಲುಸ್ಲಿ ಬುಡು. ಹೊಸ್ಲು ದಾಟಿ ಮನೆ ತುಂಬೋಳೂ ಹೆಣ್ಣೇ ತಾನೆ?" ಎಂದರು.

ಮೊಮ್ಮಗಳು ಚೌಕಟ್ಟು ನೆಟ್ಟಗಿದೆಯೇ ನೋಡಲು ದಾರದ ತೂಕದ ಗುಂಡು ಇಳಿಬಿಟ್ಟಳು. ಮೇಸ್ತ್ರಿ ಅತ್ತ ನೋಡಲೇ ಇಲ್ಲ, ರಸ್ತೆಯ ಕಡೆ ಮುಖ ತಿರುಗಿಸಿ ಕೂತರು. ತಾವು ನೋಡುತ್ತಿದ್ದರೆ ಅವಳು ಗುಂಡು ಬಿಟ್ಟು ತಮ್ಮ ಮುಖ ನೋಡುತ್ತಾಳೆಂದು ಆಮೇಲೆ ಹೇಳಿದರು. ಬಾಗಿಲು ನೆಟ್ಟಗೆ ನಿಂತಿತು. ಗೌಡರು ಪಂಚೆಯನ್ನು ಇವರ ಕಡೆ ಚಾಚಿದರೆ ಇವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ನಿಲ್ಸಿದೋರ್ಗೆ ಕೊಡಿ."

ಬಸ್ಸಿನಲ್ಲಿ ಅಕ್ಕಪಕ್ಕದವರಿಗೆಲ್ಲ ಮೊಮ್ಮಗಳಿಗೆ ಸಿಕ್ಕ ಆ ಪಂಚೆ ತೋರಿಸಿದೆ. ಯಾರ ಮದುವೆ ಎಂದು ಕೇಳಿದರು. "ಒಳೀಕ್ ಮಡಗಕ್ಕ, ಸಾಕು" ಎಂದು ಮೇಸ್ತ್ರಿ ಗೊಣಗಿದರು.

ಆಮೇಲೆ ಕೆಲಸ ತಾನಾಗಿ ಬಂತು. ಕೆ.ಆರ್. ನಗರದಿಂದಲೂ ಅವಳನ್ನು ಕರೆಯುತ್ತಾರೆ ಈಗ. ಮೇಸ್ತ್ರಿಯ ಎದೆ ಮಾತ್ರ ಸೋತುಹೋಯಿತು. ಮಂಚ ಹಿಡಿದರೆಂದು ಕೇಳಿ ನೋಡಲು ಹೋದರೆ, ಊರೆಲ್ಲ ಗಾರೆ ಬಳಿದವರ ಸ್ವಂತ ಮನೆಗೆ ಗಾರೆಯೇ ಇಲ್ಲ, ಇಟ್ಟಿಗೆ ಹಾಗೇ ಕಾಣುತ್ತಿತ್ತು. ಮೊಮ್ಮಗಳು, ಅವಳ ಜೊತೆ ಕಲಿತ ಹುಡುಗಿಯರು ಬಂದು ಮುಂದಿನ ಗೋಡೆಗೆ ಗಾರೆ ಮಾಡಿದರು. ಇವರು ಅಂಗಳದ ಮಂಚದಿಂದಲೇ, "ಮೂಲೆ, ಮೂಲೆ ನೋಡ್ ಮಗ" ಎಂದು ಉಸಿರು ಸಾಲದೆ ಬೈದರು. ಕೆಲಸ ಮುಗಿದ ಮಾರನೆಯ ಬೆಳಗ್ಗೆ ಹೋಗಿಬಿಟ್ಟರು.

ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದರು. ಬಿಸಿಲು ಏರುತ್ತಿತ್ತು. ಅಳುತ್ತಾ ಕೂತಿದ್ದ ಮೊಮ್ಮಗಳು ಗೋಡೆಯ ಕಡೆ ನೋಡಿದಳು, ಎದ್ದು ಬಿಂದಿಗೆ ತೆಗೆದುಕೊಂಡಳು.

"ಎಣ ಮುಂದ್ ಮಡೀಕಂಡು ಇದೇನವ್ವ ನಿಂದು?" ಎಂದು ಯಾರೋ ನೆಂಟರು ರೇಗಿದರು.

"ಹಸಿ ಗಾರೆ. ನೀರ್ ಹಾಕ್ದಿದ್ರೆ ಬಿರ್ಕ್ ಬುಡ್ತದೆ. ಮೇಸ್ತ್ರಿ ಬಯ್ತಾರೆ."

ಮೇಸ್ತ್ರಿಯ ಹೆಂಡತಿ ಎದ್ದು ಗೋಡೆಯ ಬಳಿ ಕೂತಿದ್ದವರನ್ನು ಈಚೆಗೆ ಸರಿಸಿದರು. ನಾನು ನೀರು ತುಂಬಿ ತುಂಬಿ ಕೊಟ್ಟೆ, ಅವಳು ಎರಚಿದಳು. ಹೆಣ ಎತ್ತುವ ಹೊತ್ತಿಗೆ ಗೋಡೆ ಪೂರ್ತಿ ತೊಯ್ದಿತ್ತು.